ಹಂಗಿನ ರಕ್ತ ಬೇಡ ಎಂದವರು

(ಗುರುತಿನ ವಿವರಗಳನ್ನು ಬದಲಿಸಲಾಗಿದೆ.)

ಬಸಣ್ಣ ಎನ್ನೋಣ. ಜಗಳೂರು ಕಡೆಯ ಮೆಕ್ಕೆಜೋಳದ ರೈತ, ವಯಸ್ಸು 58. ಬೈಪಾಸ್ ಶಸ್ತ್ರಚಿಕಿತ್ಸೆ ನಿಗದಿಯಾಗಿತ್ತು. ದಾವಣಗೆರೆಯ ಆಸ್ಪತ್ರೆಯಲ್ಲಿ ರಕ್ತದಾನಿಗಳನ್ನು ಕರೆತರಲು ಹೇಳಿದ್ದೇ ತಡ, ಅವರು ಆಪರೇಷನ್ನೇ ಬೇಡವೆಂದು ಕುಳಿತರು. ಹೆಂಡತಿ ನನ್ನ ಬಳಿ ಕರೆತಂದರು.

ಮೊದಲು ಸೋಂಕಿನ ಭಯವೆಂದರು. ಮಾತು ಬೆಳೆದಂತೆ ಒಳಗಿನದು ಹೊರಬಂತು. ರಕ್ತ ಕೊಡಲು ಮುಂದೆ ಬಂದವರು ಅಣ್ಣನ ಮಕ್ಕಳು. ಜಮೀನಿನ ಪಾಲಿನ ವ್ಯಾಜ್ಯದಿಂದ ಎರಡು ಮನೆಗಳ ನಡುವೆ ಮಾತುಕತೆ ನಿಂತುಹೋಗಿದೆ. “ಅವರ ಹಂಗಿನ ರಕ್ತ ಮೈಯಲ್ಲಿಟ್ಟುಕೊಂಡು ಕೋರ್ಟಿನಲ್ಲಿ ಹೇಗೆ ನಿಲ್ಲಲಿ, ಮೇಡಂ? ರಕ್ತಸ್ರಾವ ತಡೆಯುವ ಔಷಧಿ ಇದೆಯಂತೆ. ಅದನ್ನೇ ಕೊಟ್ಟು, ಯಾರ ರಕ್ತವೂ ಬೇಡವೆಂದು ಬರೆದುಕೊಡಲಿ.” ಹೆಂಡತಿಯ ಅಂಜಿಕೆ ಇದಕ್ಕೆ ತದ್ವಿರುದ್ಧ. ಹೆಪ್ಪುಗಟ್ಟಿಯೇ ಹೃದಯಾಘಾತವಾದ ಮನುಷ್ಯನಿಗೆ ಮತ್ತೆ ಹೆಪ್ಪುಗಟ್ಟಿಸುವ ಔಷಧಿಯೇ?

ಔಷಧಿಯ ಹೆಸರು ಟ್ರಾನೆಕ್ಸಾಮಿಕ್ ಆಮ್ಲ. ಹೆಸರು ಕೇಳಿದೊಡನೆ ಆಕೆ ಚೀಲದಿಂದ ಅರ್ಧ ಖಾಲಿಯಾದ ಮಾತ್ರೆಯ ಪಟ್ಟಿಯೊಂದನ್ನು ತೆಗೆದು, ಹಿಂಬದಿಯ ಸಣ್ಣಕ್ಷರವನ್ನು ನನಗೆ ತೋರಿಸಿದರು. ಮುಟ್ಟಿನ ಅತಿಸ್ರಾವಕ್ಕೆಂದು ವೈದ್ಯರು ಬರೆದುಕೊಟ್ಟ ಅದೇ ಔಷಧಿ! ಅಲ್ಲಿಂದ ವಿವರಣೆ ಹಗುರವಾಯಿತು. ಅದು ಹೊಸದಾಗಿ ಹೆಪ್ಪುಗಟ್ಟಿಸುವುದಿಲ್ಲ. ಗಾಯದ ಬಾಯಲ್ಲಿ ಕಟ್ಟಿದ ಹೆಪ್ಪು ಬೇಗ ಕರಗಿಹೋಗದಂತೆ ತಡೆಯುತ್ತದೆ. ಶಸ್ತ್ರಚಿಕಿತ್ಸೆಯ ವೇಳೆ ಹೃದಯ, ಶ್ವಾಸಕೋಶಗಳ ಕೆಲಸವನ್ನು ವಹಿಸಿಕೊಳ್ಳುವ ಹೃದಯ–ಶ್ವಾಸಕೋಶ ಯಂತ್ರದ ಮೂಲಕ ರಕ್ತ ಹರಿಯುವಾಗ ಈ ಕರಗುವಿಕೆ ಹೆಚ್ಚುತ್ತದೆ, ಆದ್ದರಿಂದಲೇ ಅಲ್ಲಿ ಇದರ ಅಗತ್ಯ. 4,600ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಔಷಧಿ ಪಡೆದವರಿಗೆ ಬಳಸಿದ ಒಟ್ಟು ರಕ್ತ ಹೆಚ್ಚುಕಡಿಮೆ ಅರ್ಧಕ್ಕಿಳಿದಿತ್ತು. ಹೃದಯಾಘಾತ, ಪಾರ್ಶ್ವವಾಯು ಹೆಚ್ಚಲಿಲ್ಲ. ಫಿಟ್ಸ್ ಮಾತ್ರ ಶೇ 0.1ರಿಂದ 0.7ಕ್ಕೆ ಏರಿತ್ತು. ಇದನ್ನೂ ಮುಚ್ಚಿಡದೆ ಹೇಳಿದೆ. ಹಿಂದೆ ಫಿಟ್ಸ್ ಬಂದಿದ್ದರೆ, ಮೂತ್ರಪಿಂಡದ ತೊಂದರೆಯಿದ್ದರೆ ಅರಿವಳಿಕೆ ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಆದರೆ ರಕ್ತವೇ ಬೇಕಾಗದು ಎಂಬ ಭರವಸೆಯನ್ನು ಯಾವ ವೈದ್ಯರೂ ಕೊಡಲಾರರು. ರಕ್ತಕ್ಕೂ ಒಪ್ಪಿಗೆ ಕೊಡಿ, ಅದರ ಅಗತ್ಯ ತಗ್ಗಿಸುವ ದಾರಿಗಳನ್ನೂ ಕೇಳಿ ಎಂದೆ. ಹಿಮೋಗ್ಲೋಬಿನ್ ಎಷ್ಟಿದೆ? ಕಡಿಮೆಯಿದ್ದರೆ ಮೊದಲೇ ಕಬ್ಬಿಣಾಂಶ ಕೊಡಲು ಸಮಯವಿದೆಯೇ? ರಕ್ತ ತೆಳುವಾಗಿಸುವ ಮಾತ್ರೆಗಳನ್ನು ಎಂದು ನಿಲ್ಲಿಸಬೇಕು? ಕ್ಲೊಪಿಡೊಗ್ರೆಲ್ ಅನ್ನು ಸಾಮಾನ್ಯವಾಗಿ 5 ದಿನ ಮುಂಚೆ ನಿಲ್ಲಿಸುತ್ತಾರೆ, ಆಸ್ಪಿರಿನ್ ಮುಂದುವರಿಸುವುದೂ ಉಂಟು. ಬಸಣ್ಣ ಎರಡನ್ನೂ ಅಂದೇ ಬಿಟ್ಟುಬಿಡುವ ಆಲೋಚನೆಯಲ್ಲಿದ್ದರು! ಸ್ವಂತ ನಿರ್ಧಾರದಿಂದ ಒಂದು ಮಾತ್ರೆಯನ್ನೂ ನಿಲ್ಲಿಸಬೇಡಿ, ಪ್ರಾಣಕ್ಕೆ ಕುತ್ತು ಎಂದು ಬಿಗಿಯಾಗಿಯೇ ಹೇಳಿದೆ.

ಹಂಗಿನ ವಿಷಯಕ್ಕೆ ಹೆಚ್ಚು ಹೊತ್ತು ಹಿಡಿಯಿತು. ಸಂಬಂಧಿಕರು ಕೊಡುವ ರಕ್ತ ಸಾಮಾನ್ಯವಾಗಿ ಬ್ಲಡ್ ಬ್ಯಾಂಕಿನ ದಾಸ್ತಾನಿಗೆ ಸೇರುತ್ತದೆ. ರೋಗಿಗೆ ಹೋಗುವುದು ಪರೀಕ್ಷೆಯಾದ, ಹೊಂದುವ ಬೇರೆ ಯಾರದೋ ಬಾಟಲಿ. ಹತ್ತಿರದ ರಕ್ತಸಂಬಂಧಿಗಳ ರಕ್ತವನ್ನೇ ನೇರವಾಗಿ ಕೊಡಲು ವೈದ್ಯರು ಒಲವು ತೋರುವುದೂ ಇಲ್ಲ. ಇದನ್ನು ಕೇಳಿ ಬಸಣ್ಣ ತುಸು ಹೊತ್ತು ಸುಮ್ಮನಿದ್ದು, “ಹಾಗಾದರೆ ಅವರದು ನನಗಲ್ಲ” ಎಂದರು.

ಅಣ್ಣನ ಬಳಿ ನೀವೇ ರಾಜಿ ಮಾತಾಡಿ ಎಂದು ಹೆಂಡತಿ ಕೋರಿದರು. ನಾನು ಒಪ್ಪಲಿಲ್ಲ. ಹೃದಯದ ಚಿಕಿತ್ಸೆಯನ್ನು ಪಾಲಿನ ಜಗಳಕ್ಕೆ ಗಂಟುಹಾಕುವುದು ಬೇಡವೆಂದೆ. ಬಸಣ್ಣ ರಕ್ತದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಒಪ್ಪಿದರು. ಅಣ್ಣನ ಮಕ್ಕಳಿಗೆ ಬರುವಂತೆ ಹೇಳುವುದೋ ಬಿಡುವುದೋ ಎಂಬುದನ್ನು ಇನ್ನೂ ತೀರ್ಮಾನಿಸಿಲ್ಲ.