ಆಸ್ಪತ್ರೆ ಕಿಟಕಿಯಾಚೆಯ ಪಾರಿವಾಳದ ಹಿಕ್ಕೆಯಿಂದ ಕಿಡ್ನಿ ಕಸಿಯಾದವರಿಗೆ ಯೀಸ್ಟ್ ಸೋಂಕು ತಗಲುತ್ತದೆಯೇ?

ನೀವು ಕೇಳಿರುವುದು ಇಷ್ಟು: ನಿಮ್ಮ ಅಣ್ಣನಿಗೆ ಬೆಂಗಳೂರಿನಲ್ಲಿ ಕಿಡ್ನಿ ಕಸಿಯಾಗಿದೆ. ವಾರ್ಡಿನ ಕಿಟಕಿಯಾಚೆ ಸಜ್ಜಾದ ಮೇಲೆ ಪಾರಿವಾಳದ ಹಿಕ್ಕೆ ಗಟ್ಟಿಯಾಗಿ ಕೂತಿದೆ, ಕಾಂಪೌಂಡಿನಲ್ಲಿ ಪೊಟರೆ ಬಿದ್ದ ಹಳೆಯ ನೇರಳೆ ಮರವಿದೆ. ಇವುಗಳಿಂದ ಮೆದುಳಿಗೆ ಏರುವ ಯೀಸ್ಟ್ ಬರುತ್ತದೆಯೇ, ಹಿಕ್ಕೆಯನ್ನು ಲ್ಯಾಬಿಗೆ ಕೊಟ್ಟು ನೋಡಿಸಬೇಕೇ ಎಂಬುದು ಪ್ರಶ್ನೆ. ರೋಗ ತರುವ ಶಿಲೀಂಧ್ರಗಳನ್ನು ಲ್ಯಾಬಿನಲ್ಲಿ ಬೆಳೆಸಿ ಗುರುತಿಸುವ ಕೆಲಸದವನಾಗಿ ಹೇಳುತ್ತೇನೆ. ಬರುವ ಸಾಧ್ಯತೆ ಇದೆ, ಆದರೆ ಅಪರೂಪ. ಹಿಕ್ಕೆಯ ಪರೀಕ್ಷೆಗೆ ಕಾಯುತ್ತ ಕೂರಬೇಡಿ, ಅದನ್ನು ತೆಗೆಸಿ. ತೆಗೆಯುವಾಗ ಒದ್ದೆ ಮಾಡಿಯೇ ತೆಗೆಯಬೇಕು. ಪರೀಕ್ಷೆ ಬೇಕಾಗುವುದು ಅಣ್ಣನಿಗೆ ಲಕ್ಷಣ ಕಂಡಾಗ, ಅವರ ರಕ್ತಕ್ಕೆ.

ನಿಮಗೆ ಯಾರೋ ಹೇಳಿದ ಆ ಯೀಸ್ಟ್ ಕ್ರಿಪ್ಟೊಕಾಕಸ್ ನಿಯೋಫಾರ್ಮನ್ಸ್. 1894ರಲ್ಲಿ ಇಟಲಿಯ ಸ್ಯಾನ್‌ಫೆಲಿಚೆ ಅದನ್ನು ಪೀಚ್ ಹಣ್ಣಿನ ರಸದಿಂದ ಬೇರ್ಪಡಿಸಿದರು. ಅದೇ ವರ್ಷ ಜರ್ಮನಿಯಲ್ಲಿ ರೋಗಿಯೊಬ್ಬರ ಕಾಲಿನ ಮೂಳೆಯಲ್ಲೂ ಅದು ಕಂಡಿತು. ಪಾರಿವಾಳದ ಹಿಕ್ಕೆಯಲ್ಲಿದೆ ಎಂದು ತೋರಿಸಿದವರು ಅಮೆರಿಕದ ಚೆಸ್ಟರ್ ಎಮ್ಮನ್ಸ್, 1955ರಲ್ಲಿ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಪಾಯಕಾರಿ ಶಿಲೀಂಧ್ರಗಳ ಪಟ್ಟಿ ಮಾಡಿದಾಗ ಮೊದಲ ಗುಂಪಿನಲ್ಲಿಟ್ಟ ನಾಲ್ಕರಲ್ಲಿ ಇದೂ ಒಂದು.

ಪಾರಿವಾಳಕ್ಕೆ ಇದರಿಂದ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಅದರ ಮೈಬಿಸಿ 41–42 ಡಿಗ್ರಿ ಸೆಲ್ಸಿಯಸ್, ಆ ಬಿಸಿಯಲ್ಲಿ ಈ ಯೀಸ್ಟ್ ಬೆಳೆಯಲಾರದು. ಕೊಕ್ಕು, ಕಾಲು, ಗಂಟಲಚೀಲದಲ್ಲಿ ಹಕ್ಕಿ ಅದನ್ನು ಹೊತ್ತು ತಿರುಗುತ್ತದೆ, ಅಷ್ಟೆ. ಬೆಳೆಯುವುದು ಹಿಕ್ಕೆಯ ಮೇಲೆ. ಹಿಕ್ಕೆಯಲ್ಲಿರುವ ಕ್ರಿಯಾಟಿನಿನ್‌ನಂಥ ಸಾರಜನಕದ ವಸ್ತುಗಳನ್ನು ಬೇರೆ ಬಹುತೇಕ ಯೀಸ್ಟ್‌ಗಳು ಬಳಸಿಕೊಳ್ಳಲಾರವು, ಇದು ಬಳಸಿಕೊಳ್ಳುತ್ತದೆ. ಆದರೂ ಎಲ್ಲ ಹಿಕ್ಕೆಯೂ ಒಂದೇ ಅಲ್ಲ. ಹಸಿ ಹಿಕ್ಕೆಯಲ್ಲಿ ಬ್ಯಾಕ್ಟೀರಿಯಾಗಳದ್ದೇ ರಾಜ್ಯ. ಅವು ಅಮೋನಿಯಾ ಹುಟ್ಟಿಸಿ ಕ್ಷಾರ ಹೆಚ್ಚಿಸುವುದರಿಂದ ಯೀಸ್ಟ್‌ಗೆ ಅಲ್ಲಿ ಎಡೆ ಕಡಿಮೆ. ಬಿಸಿಲು ಬಡಿಯುವ ಟೆರೇಸಿನ ಮೇಲೆ ಅದು ಹೆಚ್ಚು ಕಾಲ ಉಳಿಯದು. ಬಿಸಿಲು ಮಳೆ ತಾಗದ ಮೂಲೆಯಲ್ಲಿ ತಿಂಗಳುಗಟ್ಟಲೆ ಬಿದ್ದು ಒಣಗಿ ಪುಡಿಯಾಗುವ ಹಳೆಯ ಹಿಕ್ಕೆಯಲ್ಲಿ ಅದು ಹೇರಳ. ಸಜ್ಜಾದ ಕೆಳಭಾಗ, ಏಸಿ ಹೊರಘಟಕದ ಹಿಂಬದಿ, ಪೈಪು ಇಳಿಯುವ ಡಕ್ಟ್, ಲಿಫ್ಟ್ ಕೋಣೆ, ನೀರಿನ ಟ್ಯಾಂಕಿನ ಅಡಿ: ಆಸ್ಪತ್ರೆ ಸುತ್ತುವಾಗ ನಾನು ಮೊದಲು ನೋಡುವ ಜಾಗಗಳಿವು.

ಹಿಕ್ಕೆ ಮುಟ್ಟಿದರೆ ಕಾಯಿಲೆ ಬರುವುದಿಲ್ಲ, ಉಸಿರಾಡಿದರೆ ಬರಬಹುದು. ರೋಗಿಯ ದೇಹದಲ್ಲಿ ಈ ಯೀಸ್ಟ್ ದಪ್ಪ ಲೋಳೆಯ ಕವಚ ಹೊದ್ದಿರುತ್ತದೆ. ಹಿಕ್ಕೆಯಲ್ಲಿ ಒಣಗಿದಾಗ ಕವಚ ಕುಗ್ಗಿ ಕೆಲವು ಕೋಶಗಳು 3 ಮೈಕ್ರಾನಿಗಿಂತ ಚಿಕ್ಕವಾಗುತ್ತವೆ. ಬೀಜಕಣಗಳೂ ಹೆಚ್ಚುಕಡಿಮೆ ಅಷ್ಟೇ ಗಾತ್ರದವು. ಆ ಗಾತ್ರದ ಕಣ ಮೂಗು, ಗಂಟಲು ದಾಟಿ ಶ್ವಾಸಕೋಶದ ಗಾಳಿಗೂಡಿನವರೆಗೆ ಇಳಿಯುತ್ತದೆ. ಆರೋಗ್ಯವಂತರಲ್ಲಿ ದೇಹ ಅದನ್ನು ಅಲ್ಲೇ ಕಟ್ಟಿಹಾಕುತ್ತದೆ. ಕಸಿಯಾದವರು, ಎಚ್‌ಐವಿ ಇದ್ದು ರೋಗನಿರೋಧಕ ರಕ್ತಕಣಗಳ ಲೆಕ್ಕವಾದ ಸಿಡಿ4 ಎಣಿಕೆ 100ಕ್ಕಿಂತ ಇಳಿದವರು, ಬಹುಕಾಲ ಸ್ಟೀರಾಯ್ಡ್ ತೆಗೆದುಕೊಳ್ಳುವವರು, ಕೆಲವು ರಕ್ತದ ಕ್ಯಾನ್ಸರ್‌ನವರು – ಇವರಲ್ಲಿ ಅದು ರಕ್ತಕ್ಕಿಳಿದು ಮೆದುಳಿನ ಪೊರೆಗೆ ಹೋಗಬಹುದು.

ನೇರಳೆ ಮರದ ಬಗ್ಗೆ ನಿಮ್ಮ ಅನುಮಾನವೂ ಆಧಾರವಿಲ್ಲದ್ದಲ್ಲ. ದೆಹಲಿಯಲ್ಲಿ ನಡೆದ ಅಧ್ಯಯನಗಳಲ್ಲಿ ಜೀವಂತ ನೇರಳೆ ಮತ್ತು ಅರಳಿ ಮರಗಳ ಪೊಟರೆಯೊಳಗಿನ ಕೊಳೆತ ಮರದಲ್ಲಿ ಈ ಯೀಸ್ಟ್ ಸಿಕ್ಕಿದೆ. ಇದರ ದಾಯಾದಿ ಕ್ರಿಪ್ಟೊಕಾಕಸ್ ಗಟ್ಟಿಯನ್ನು ಆಸ್ಟ್ರೇಲಿಯಾದ ಎಲ್ಲಿಸ್ ಮತ್ತು ಫೈಫರ್ 1990ರಲ್ಲಿ ಅಲ್ಲಿನ ಒಂದು ಬಗೆಯ ನೀಲಗಿರಿ ಮರದಿಂದ ಬೇರ್ಪಡಿಸಿದ್ದರು. ಅದಕ್ಕೆ ಹಕ್ಕಿಯ ಹಂಗಿಲ್ಲ, ಮರವೇ ಮನೆ. ಆರೋಗ್ಯವಂತರಿಗೂ ರೋಗ ತರಬಲ್ಲದು. ಹಾಗೆಂದು ಮರ ಕಡಿಸಲು ಹೋಗಬೇಡಿ. ಪೊಟರೆಯೊಳಗಿನ ಕೊಳೆತ ಪುಡಿ ಕೆದಕದಿದ್ದರೆ ಅಪಾಯ ತೀರಾ ಕಡಿಮೆ. ಕೊಂಬೆ ಸವರುವ ದಿನ ಆ ಬದಿಯ ಕಿಟಕಿ ಮುಚ್ಚಿರಲಿ, ಗರಗಸದ ಪುಡಿ ಏರುವ ಮುಂಚೆ ನೀರು ಚಿಮುಕಿಸಲಿ, ಅಣ್ಣ ಆ ಕಡೆ ವಾಕಿಂಗ್ ಹೋಗದಿರಲಿ.

ಹಿಕ್ಕೆಯ ಪರೀಕ್ಷೆ ಹೇಗೆ ಮಾಡುತ್ತೇವೆ ಎಂದು ಗೊತ್ತಾದರೆ ಅದು ನಿಮಗೇಕೆ ಬೇಡ ಎಂಬುದೂ ತಿಳಿಯುತ್ತದೆ. ಒಣ ಹಿಕ್ಕೆ 1 ಗ್ರಾಂ, 10 ಮಿಲಿ ಶುದ್ಧ ಸಲೈನ್‌ನಲ್ಲಿ ಕಲಕಿ ಅರ್ಧ ಗಂಟೆ ಬಿಟ್ಟು, ಮೇಲೆ ನಿಂತ ತಿಳಿಯಲ್ಲಿ 0.1 ಮಿಲಿ ತೆಗೆದು ತಟ್ಟೆಯ ಮೇಲೆ ಹರಡುತ್ತೇವೆ. ತಟ್ಟೆಯಲ್ಲಿರುವುದು ಹುಚ್ಚೆಳ್ಳಿನ ಅಗರ್ (ಸೂಕ್ಷ್ಮಜೀವಿ ಬೆಳೆಸುವ ಜೆಲ್ಲಿಯಂಥ ಆಹಾರ), ಉತ್ತರ ಕರ್ನಾಟಕದಲ್ಲಿ ಚಟ್ನಿಪುಡಿ ಮಾಡುವ ಅದೇ ಗುರೆಳ್ಳು. ಈ ಬೀಜದ ಗುಣವನ್ನು ಜರ್ಮನಿಯ ಸ್ಟೈಬ್ 1962ರಲ್ಲಿ ಗುರುತಿಸಿದರು. ನಮ್ಮ ಹೊಲದ ಬೆಳೆಯೊಂದು ಲೋಕದ ಶಿಲೀಂಧ್ರ ಲ್ಯಾಬುಗಳಲ್ಲೆಲ್ಲ ಇರುವುದು ನನಗೆ ನಿಜಕ್ಕೂ ಹೆಮ್ಮೆಯ ವಿಷಯ. 50 ಗ್ರಾಂ ಬೀಜ ಪುಡಿ ಮಾಡಿ ನೀರಿನಲ್ಲಿ ಅರ್ಧ ಗಂಟೆ ಕುದಿಸಿ, ಸೋಸಿ, 1 ಲೀಟರಿಗೆ ಸರಿದೂಗಿಸಿ, ಗ್ಲೂಕೋಸ್, ಕ್ರಿಯಾಟಿನಿನ್, ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ ತಲಾ 1 ಗ್ರಾಂ, ಅಗರ್ 15 ಗ್ರಾಂ ಹಾಕಿ ಆಟೋಕ್ಲೇವ್ ಮಾಡುವುದು, ಅಂದರೆ ಒತ್ತಡದ ಹಬೆಯಲ್ಲಿ ಕ್ರಿಮಿಶುದ್ಧ ಮಾಡುವುದು. ಸುಮಾರು 50 ಡಿಗ್ರಿಗೆ ಆರಿದ ಮೇಲೆ ಬ್ಯಾಕ್ಟೀರಿಯಾ ತಡೆಯಲು ಕ್ಲೋರಾಂಫೆನಿಕಾಲ್ 50 ಮಿಲಿಗ್ರಾಂ. ಬೂಷ್ಟು ಹಬ್ಬದಂತೆ ಬೈಫಿನೈಲ್ ಸೇರಿಸುವುದೂ ಉಂಟು. 30 ಡಿಗ್ರಿಯಲ್ಲಿ ಇಟ್ಟು ಎರಡು ವಾರದವರೆಗೆ ದಿನವೂ ನೋಡಬೇಕು. ಹುಚ್ಚೆಳ್ಳಿನಲ್ಲಿರುವ ಕೆಫಿಯಿಕ್ ಆಮ್ಲವನ್ನು ಈ ಯೀಸ್ಟ್ ಲ್ಯಾಕೇಸ್ ಎಂಬ ಕಿಣ್ವದಿಂದ ಮೆಲನಿನ್ ಮಾಡಿಕೊಳ್ಳುವುದರಿಂದ ಅದರ ಗುಂಪುಗಳು ಕಂದು ಬಣ್ಣಕ್ಕೆ ತಿರುಗುತ್ತವೆ, ಉಳಿದ ಯೀಸ್ಟ್‌ಗಳು ಬಿಳಿಯಾಗಿಯೇ ಇರುತ್ತವೆ. ಗ್ಲೂಕೋಸ್ ಹೆಚ್ಚು ಬಿದ್ದರೆ ಆ ಕಿಣ್ವ ಅಡಗಿ ಬಣ್ಣವೇ ಬರುವುದಿಲ್ಲ. ಹೊಸಬರ ತಟ್ಟೆಗಳು ಕೆಡುವುದು ಹೆಚ್ಚಾಗಿ ಇಲ್ಲೇ. ಕಂದು ಬಂದಮೇಲೂ ಯೂರಿಯಾ ಒಡೆಯುವ ಕಿಣ್ವದ (ಯೂರಿಯೇಸ್) ಪರೀಕ್ಷೆ, 37 ಡಿಗ್ರಿಯಲ್ಲಿ ಬೆಳವಣಿಗೆ, ಇಂಡಿಯಾ ಇಂಕ್ ಎಂಬ ಕಪ್ಪು ಶಾಯಿಯಲ್ಲಿ ಕವಚ ನೋಡಬೇಕು. ಬಂದದ್ದು ಕ್ರಿಪ್ಟೊಕಾಕಸ್ ಗಟ್ಟಿಯೋ ನಿಯೋಫಾರ್ಮನ್ಸೋ ತಿಳಿಯಲು ಸಿಜಿಬಿ ಎಂಬ ಇನ್ನೊಂದು ಅಗರ್ ಇದೆ: ಕ್ರಿಪ್ಟೊಕಾಕಸ್ ಗಟ್ಟಿ ಇದ್ದರೆ ಅದರ ಹಳದಿ ಬಣ್ಣ ಹೋಗಿ ನೀಲಿಯಾಗುತ್ತದೆ.

ಇಷ್ಟೆಲ್ಲ ಮಾಡಿ ಬರುವ ಫಲಿತಾಂಶದಿಂದ ನಿಮ್ಮ ತೀರ್ಮಾನ ಬದಲಾಗುವುದಿಲ್ಲ. ಯೀಸ್ಟ್ ಸಿಕ್ಕರೂ ಹಿಕ್ಕೆ ತೆಗೆಸಬೇಕು, ಸಿಗದಿದ್ದರೂ ತೆಗೆಸಬೇಕು. ಒಂದು ಚಮಚ ಹಿಕ್ಕೆಯಲ್ಲಿ ಇಲ್ಲದ್ದು ಪಕ್ಕದ ಮೂಲೆಯಲ್ಲಿ ಇರಬಹುದು. ಇನ್ನೊಂದು ಮುಖ್ಯ ಸಂಗತಿ: ನಾಳೆ ಅಣ್ಣನಿಗೆ ಈ ಕಾಯಿಲೆ ಬಂದರೂ ಅದು ಆ ಸಜ್ಜಾದಿಂದಲೇ ಬಂತೆನ್ನಲು ಆಗುವುದಿಲ್ಲ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಮಕ್ಕಳ ರಕ್ತ ನೋಡಿದಾಗ ಎರಡು ವರ್ಷ ದಾಟಿದ ಬಹುತೇಕರಲ್ಲಿ ಈ ಯೀಸ್ಟ್‌ಗೆ ಪ್ರತಿಕಾಯ (ಎದುರಿಸಲು ದೇಹ ಮಾಡಿಕೊಳ್ಳುವ ಪ್ರೋಟೀನ್) ಕಂಡಿತ್ತು. ನಗರದಲ್ಲಿ ಬೆಳೆದವರು ಎಳವೆಯಲ್ಲೇ ಇದನ್ನು ಉಸಿರಾಡಿರುತ್ತಾರೆ. ಫ್ರಾನ್ಸಿನಲ್ಲಿ ವರ್ಷಗಟ್ಟಲೆ ನೆಲೆಸಿದ್ದ ಆಫ್ರಿಕಾ ಮೂಲದ ರೋಗಿಗಳಲ್ಲಿ ಸಿಕ್ಕ ತಳಿಗಳು ಫ್ರಾನ್ಸಿನವಾಗಿರಲಿಲ್ಲ, ಆಫ್ರಿಕಾದವಾಗಿದ್ದವು. ಅಂದರೆ ಯೀಸ್ಟ್ ಶ್ವಾಸಕೋಶದಲ್ಲಿ ಸದ್ದಿಲ್ಲದೆ ಉಳಿದು, ರೋಗನಿರೋಧ ಕುಂದಿದಾಗ ಏಳುತ್ತದೆ. ಹೊಸದಾಗಿ ತಗಲುವುದೂ ಸುಳ್ಳಲ್ಲ: ಅಮೆರಿಕದಲ್ಲಿ ಕಿಡ್ನಿ ಕಸಿಯಾಗಿದ್ದ ವೃದ್ಧೆಯೊಬ್ಬರ ಯೀಸ್ಟ್ ಮತ್ತು ಅವರು ಸಾಕಿದ್ದ ಕಾಕಟೂ ಗಿಳಿಯ ಹಿಕ್ಕೆಯ ಯೀಸ್ಟ್ ಎರಡೂ ಒಂದೇ ಎಂದು 2000ರಲ್ಲಿ ವರದಿಯಾಗಿದೆ. ಹಾಗಾಗಿ ಮನೆಗೆ ಹೋದಮೇಲೂ ಪಾರಿವಾಳ, ಲವ್‌ಬರ್ಡ್ ಪಂಜರ ತೊಳೆಯುವ ಕೆಲಸ ಅಣ್ಣನದಾಗಬಾರದು.

ಇನ್ನು ತೆಗೆಸುವ ಬಗೆ. ಒಣ ಪೊರಕೆಯಿಂದ ಗುಡಿಸುವುದು, ಕರಣೆಯಿಂದ ಕೆರೆಯುವುದು, ಪ್ರೆಶರ್ ವಾಷರ್ ಹಿಡಿಯುವುದು ಮೂರೂ ತಪ್ಪು. ಮೊದಲೆರಡು ಧೂಳೆಬ್ಬಿಸುತ್ತವೆ, ಮೂರನೆಯದು ಸೂಕ್ಷ್ಮ ತುಂತುರು ಎಬ್ಬಿಸುತ್ತದೆ. ಹೌಸ್‌ಕೀಪಿಂಗ್ ಮೇಲ್ವಿಚಾರಕರಿಗೆ ಅಥವಾ ಆಸ್ಪತ್ರೆಯ ಸೋಂಕು ನಿಯಂತ್ರಣ ನರ್ಸ್‌ಗೆ ಬರವಣಿಗೆಯಲ್ಲಿ ಕೊಡಿ. ಕೆಲಸದ ಹೊತ್ತಿನಲ್ಲಿ ಆ ಸಾಲಿನ ಕಿಟಕಿಗಳನ್ನೆಲ್ಲ ಮುಚ್ಚಿ, ಹೊರಗಾಳಿ ಎಳೆಯುವ ಏಸಿ ನಿಲ್ಲಿಸಬೇಕು. ಅಣ್ಣನನ್ನು ಬೇರೆ ಬದಿಯ ಕೋಣೆಗೆ ಕಳಿಸಿದರೆ ಇನ್ನೂ ಒಳ್ಳೆಯದು. ಕೆಲಸಗಾರರಿಗೆ ಎನ್95 ಮಾಸ್ಕ್ ಬೇಕು, ಬಟ್ಟೆ ಮಾಸ್ಕ್ ಅಥವಾ ಸರ್ಜಿಕಲ್ ಮಾಸ್ಕ್ ಸಾಲದು. ಗ್ಲೌಸ್, ಕನ್ನಡಕ, ಆಮೇಲೆ ಒಗೆಯಬಹುದಾದ ಮೇಲಂಗಿ. ಗಿಡಕ್ಕೆ ಹೊಡೆಯುವ ಕೈಪಂಪಿನಲ್ಲಿ ಸೋಪಿನ ನೀರು ತುಂಬಿ ಹಿಕ್ಕೆ ಪೂರ್ತಿ ನೆನೆಯುವಂತೆ ಮೆಲ್ಲಗೆ ಚಿಮುಕಿಸಬೇಕು. ಗಟ್ಟಿ ಪದರವಾದರೆ ಹತ್ತಿಪ್ಪತ್ತು ನಿಮಿಷ ಬಿಟ್ಟು ಮತ್ತೊಮ್ಮೆ. ಮೇಲೆ ನೆಂದಂತೆ ಕಂಡು ಒಳಗೆ ಒಣಗಿರುವುದೇ ಸಾಮಾನ್ಯವಾಗಿ ಆಗುವ ಎಡವಟ್ಟು, ಆದ್ದರಿಂದ ಪದರ ಪದರವಾಗಿ ನೆನೆಸಿ ಎತ್ತಬೇಕು. ಎತ್ತಿದ್ದನ್ನು ಎರಡು ಚೀಲದೊಳಗೆ ಕಟ್ಟಿ, ನೆಲವನ್ನು ಸೋಪಿನ ನೀರಲ್ಲಿ ಉಜ್ಜಿ, ಸಾಕಷ್ಟು ನೀರಿನಿಂದ ತೊಳೆಯಬೇಕು.

ಇದಾದ ಮೇಲಷ್ಟೇ ಹೈಪೋಕ್ಲೋರೈಟ್, ಅಂದರೆ ಬ್ಲೀಚ್ ದ್ರಾವಣ. ಅಂಗಡಿಯ 5% ದ್ರಾವಣವಾದರೆ ಒಂದು ಪಾಲಿಗೆ ನಾಲ್ಕು ಪಾಲು ನೀರು, 1% ಆಗುತ್ತದೆ; ಆಗಿಂದಾಗ್ಗೆ ಕಲಸಿ, ಹತ್ತು ನಿಮಿಷ ಒದ್ದೆಯಾಗಿಟ್ಟು ತೊಳೆಯುವುದು. ಹಿಕ್ಕೆಯ ಮೇಲೆ ನೇರವಾಗಿ ಬ್ಲೀಚ್ ಸುರಿಯುವವರನ್ನು ನೋಡಿದ್ದೇನೆ. ಹಿಕ್ಕೆಯ ಸಾವಯವ ವಸ್ತು ಕ್ಲೋರಿನ್ ಅನ್ನು ನುಂಗಿಹಾಕುವುದರಿಂದ ಯೀಸ್ಟ್ ಸಾಯುವುದಿಲ್ಲ, ಮೇಲಾಗಿ ಅಮೋನಿಯಾ ಜೊತೆ ಬೆರೆತು ಕ್ಲೋರಮಿನ್ ಎಂಬ ಕಣ್ಣು-ಗಂಟಲು ಉರಿಸುವ ಅನಿಲ ಏಳುತ್ತದೆ. ಡಕ್ಟಿನಂಥ ಇಕ್ಕಟ್ಟಿನಲ್ಲಿ ಅದು ಕೆಲಸಗಾರನ ಜೀವಕ್ಕೇ ಅಪಾಯ.

ತೊಳೆದು ಹಾಗೇ ಬಿಟ್ಟರೆ ಹಕ್ಕಿಗಳು ಮತ್ತೆ ಬರುತ್ತವೆ. 50 ಮಿಮೀ ಕಣ್ಣಿನ ನೈಲಾನ್ ಬಲೆಯನ್ನು ಬಿಗಿಯಾಗಿ, ಅಂಚಿನಲ್ಲಿ ಸಂದು ಉಳಿಯದಂತೆ ಕಟ್ಟಿಸಬೇಕು. ಜೋಲುಬಿದ್ದ ಬಲೆಯೊಳಗೆ ಹಕ್ಕಿ ಸಿಕ್ಕಿ ಸಾಯುತ್ತದೆ. ಗೂಡಿನಲ್ಲಿ ಮೊಟ್ಟೆ ಮರಿ ಇದ್ದರೆ ಹಾರುವವರೆಗೆ ಕಾಯುವುದು ನ್ಯಾಯ, ಅಲ್ಲಿಯವರೆಗೆ ಕಿಟಕಿ ಮುಚ್ಚಿದರಾಯಿತು. ಗೇಟಿನ ಬಳಿ ಪುಣ್ಯಕ್ಕೆಂದು ಜೋಳ, ಕಡಲೆ ಹಾಕುವವರಿದ್ದರೆ ಬಲೆಯಿಂದಲೂ ಪೂರ್ತಿ ಫಲವಿಲ್ಲ. ಅವರಿಗೆ ಬೈಯದೆ, ಒಳಗೆ ಎಂಥ ರೋಗಿಗಳಿದ್ದಾರೆ ಎಂದು ವಿವರಿಸಿ ಹೇಳಿ.

ಆಸ್ಪತ್ರೆಯ ಒಳಗಿನ ಯೀಸ್ಟೊಂದರ ಬಗ್ಗೆಯೂ ಎರಡು ಮಾತು, ಏಕೆಂದರೆ ಐಸಿಯುನಲ್ಲಿ ಹಾಸಿಗೆ ಹಿಡಿದವರ ಮಟ್ಟಿಗೆ ಪಾರಿವಾಳಕ್ಕಿಂತ ಅದರ ಚಿಂತೆ ನನಗೆ ಹೆಚ್ಚು. ಕ್ಯಾಂಡಿಡಾ ಔರಿಸ್ 2009ರಲ್ಲಿ ಜಪಾನಿನಲ್ಲಿ ರೋಗಿಯೊಬ್ಬರ ಕಿವಿಯಿಂದ ಮೊದಲು ವರ್ಣಿತವಾಯಿತು. 2013ರಲ್ಲಿ ದೆಹಲಿ ಆಸ್ಪತ್ರೆಗಳ ರಕ್ತದ ಸೋಂಕುಗಳಲ್ಲಿ ವರದಿಯಾಯಿತು. 2021ರಲ್ಲಿ ಅಂಡಮಾನಿನ ಕಡಲತೀರದ ಮರಳಿನಲ್ಲೂ ಕಂಡಿತು. ಅದು ಧೂಳಿನಿಂದಲ್ಲ, ಕೈ, ಮಂಚದ ಕಂಬಿ, ಬಿಪಿ ಪಟ್ಟಿ, ಥರ್ಮಾಮೀಟರುಗಳಿಂದ ಹರಡುತ್ತದೆ, ಪ್ಲಾಸ್ಟಿಕ್ಕಿನ ಮೇಲೆ ವಾರಗಟ್ಟಲೆ ಬದುಕುತ್ತದೆ. ನೆಲ ಒರೆಸುವ ಅನೇಕ ಕ್ವಾಟರ್ನರಿ ಅಮೋನಿಯಂ ದ್ರಾವಣಗಳಿಗೆ ಅದು ಸರಿಯಾಗಿ ಬಗ್ಗುವುದಿಲ್ಲ, ಕ್ಲೋರಿನ್ ಅಥವಾ ಹೈಡ್ರೋಜನ್ ಪೆರಾಕ್ಸೈಡ್ ಬೇಕು. ನೋಡಲು ಹೋಗುವ ನಿಮ್ಮ ಪಾಲಿನ ಕೆಲಸ ಒಂದೇ: ಮಂಚ ಮುಟ್ಟುವ ಮುಂಚೆಯೂ ಮುಟ್ಟಿದ ಮೇಲೂ ಆಲ್ಕೊಹಾಲ್ ಸ್ಯಾನಿಟೈಸರಿನಲ್ಲಿ ಕೈ ಉಜ್ಜುವುದು.

ಕೊನೆಗೆ ಅಣ್ಣನ ವಿಷಯ. ಕಸಿಯಾದವರಲ್ಲಿ ಕ್ರಿಪ್ಟೊಕಾಕಸ್ ಕಾಯಿಲೆ ಸಾಮಾನ್ಯವಾಗಿ ಮೊದಲ ವರ್ಷ ಕಳೆದ ಮೇಲೆ, ಆಸ್ಪತ್ರೆ ಮರೆತುಹೋದ ಹೊತ್ತಿಗೆ, ಕಾಣಿಸಿಕೊಳ್ಳುತ್ತದೆ. ವಾರ ಕಳೆದರೂ ಬಿಡದ ತಲೆನೋವು, ಸಣ್ಣ ಜ್ವರ, ವಾಂತಿ, ಎರಡೆರಡಾಗಿ ಕಾಣುವುದು, ಮಂಕು ಅಥವಾ ನಡವಳಿಕೆಯಲ್ಲಿ ಬದಲಾವಣೆ, ವಾಸಿಯಾಗದ ಕೆಮ್ಮು, ಮೈಮೇಲೆ ಕಾರಣವಿಲ್ಲದ ಗಂಟು ಅಥವಾ ಹುಣ್ಣು: ಇವುಗಳಲ್ಲಿ ಯಾವುದಿದ್ದರೂ ಮೈಗ್ರೇನ್ ಎಂದು ಮಾತ್ರೆ ನುಂಗಿಸಿ ಕೂರಬೇಡಿ. ಕುತ್ತಿಗೆ ಬಿಗಿತ ಇಲ್ಲದಿದ್ದರೂ ಈ ಕಾಯಿಲೆ ಇರಬಹುದು. ವೈದ್ಯರನ್ನು ಕ್ರಿಪ್ಟೊಕಾಕಲ್ ಆಂಟಿಜೆನ್ ಪರೀಕ್ಷೆಯ ಬಗ್ಗೆ ಕೇಳಿ. ಯೀಸ್ಟ್ ಕವಚದ ತುಣುಕು ರಕ್ತದಲ್ಲಿದೆಯೇ ಎಂದು ಅದು ಪಟ್ಟಿಯ ಮೇಲೆ ಹತ್ತು ನಿಮಿಷದಲ್ಲಿ ತೋರಿಸುತ್ತದೆ. ಪಾಸಿಟಿವ್ ಬಂದರೆ ಬೆನ್ನಿನಿಂದ ನೀರು ತೆಗೆದು ನೋಡಲೇಬೇಕು. ಆಗ ಆ ನೀರಿನ ಒತ್ತಡವನ್ನೂ ಅಳೆಯುತ್ತಾರೆ, ಏರಿದ್ದರೆ ಮತ್ತೆ ಮತ್ತೆ ನೀರು ತೆಗೆದು ಇಳಿಸುತ್ತಾರೆ. ಮನೆಯವರು ಹೆದರಿ ಬೇಡವೆನ್ನುವುದು ಇಲ್ಲೇ, ಆದರೆ ಕಣ್ಣು ಮತ್ತು ಜೀವ ಉಳಿಸುವುದರಲ್ಲಿ ಔಷಧಿಯಷ್ಟೇ ಪಾಲು ಅದಕ್ಕಿದೆ.

ಚಿಕಿತ್ಸೆ ಶುರುವಾಗುವುದು ಆಂಫೊಟೆರಿಸಿನ್‌ನಿಂದ, ಜೊತೆಗೆ ಫ್ಲುಸೈಟೊಸಿನ್; ಮುಂದೆ ತಿಂಗಳುಗಟ್ಟಲೆ ಫ್ಲುಕೊನಜೋಲ್. ಈ ಫ್ಲುಕೊನಜೋಲ್ ಮೆಡಿಕಲ್ ಶಾಪಿನಲ್ಲಿ ಗಜಕರ್ಣಕ್ಕೆ ಕೇಳಿದರೂ ಕೊಡುವ ಮಾತ್ರೆ. ಕಸಿಯಾದ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ ಕೊಡುವ ಟ್ಯಾಕ್ರೋಲಿಮಸ್ ಅನ್ನು ಅಣ್ಣ ತೆಗೆದುಕೊಳ್ಳುತ್ತಿದ್ದರೆ ಅದರ ಮಟ್ಟವನ್ನು ಇದು ರಕ್ತದಲ್ಲಿ ಏರಿಸುತ್ತದೆ, ಹೊಸ ಕಿಡ್ನಿಗೇ ಪೆಟ್ಟಾಗಬಹುದು. ಚರ್ಮದ ತುರಿಕೆಗೇ ಆಗಲಿ, ಕಸಿ ವೈದ್ಯರಿಗೆ ಹೇಳದೆ ಒಂದು ಮಾತ್ರೆಯನ್ನೂ ಕೊಡಿಸಬೇಡಿ. ಅವರು ಬರೆದುಕೊಟ್ಟರೆ ಟ್ಯಾಕ್ರೋಲಿಮಸ್ ಮಟ್ಟವನ್ನು ಯಾವ ದಿನ ಮತ್ತೆ ನೋಡಿಸಬೇಕು ಎಂದು ಅಲ್ಲೇ ಕೇಳಿ ಬರೆದುಕೊಳ್ಳಿ.