ಒಂದು ರಾತ್ರಿಯ ಚಪ್ಪಾಳೆ, ಒಂದು ರಾತ್ರಿಯ ಮೌನ, ನಡುವೆ ರಾಜೀನಾಮೆ ಪತ್ರ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ. ಪ್ರಕಟಣೆಗೆ ಅವರ ಒಪ್ಪಿಗೆ ಇದೆ.)

ಇಪ್ಪತ್ತೇಳರ ಯುವತಿ. ಮನೆ ಸಕಲೇಶಪುರದ ಕಡೆ, ಕೆಲಸ ಹಾಸನದ ಖಾಸಗಿ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ. ಬಿಡುವು ಸಿಕ್ಕ ಶನಿವಾರ ಬೆಂಗಳೂರಿನ ಬಸ್ ಹತ್ತಿ, ಓಪನ್ ಮೈಕ್‌ನಲ್ಲಿ (ಹೊಸಬರೂ ಹೆಸರು ಕೊಟ್ಟು ವೇದಿಕೆ ಹತ್ತಬಹುದಾದ ಕಾರ್ಯಕ್ರಮ) ಐದು ನಿಮಿಷ ಕನ್ನಡ ಸ್ಟ್ಯಾಂಡಪ್ ಮಾಡುತ್ತಾರೆ. ಗೆಳತಿಯ ಜೊತೆ ಶುರುಮಾಡಿದ ಪಾಡ್‌ಕಾಸ್ಟ್ ಒಂಬತ್ತನೇ ಕಂತಿಗೆ ನಿಂತಿದೆ. ಒಂದು ರಾತ್ರಿ ಕೆಫೆ ತುಂಬ ಜನ ನಕ್ಕರು. ಮರುದಿನವೇ ರಾಜೀನಾಮೆ ಪತ್ರ ಟೈಪ್ ಆಯಿತು. ಅದನ್ನು ಕೊಡುವಷ್ಟರಲ್ಲಿ ಊರಿನ ಗಣಪತಿ ಪೆಂಡಾಲಿನಲ್ಲಿ ಅದೇ ಐದು ನಿಮಿಷಕ್ಕೆ ಒಬ್ಬರೂ ನಗಲಿಲ್ಲ. ಮುಂದಿನ ಸಾಲಿನಲ್ಲಿ ತಾಯಿ ಕೂತಿದ್ದರು. ಅಂದಿನಿಂದ ನಿದ್ದೆ ಸರಿಯಿಲ್ಲ. ನಮ್ಮಲ್ಲಿಗೆ ಆಪ್ತಸಲಹೆಗೆ ಬಂದವರೇ ಕೇಳಿದ್ದು: ‘ನನಗೆ ಪ್ರತಿಭೆ ಇದೆಯೋ ಇಲ್ಲವೋ ಹೇಳಿಬಿಡಿ.’

ಅದಕ್ಕೆ ಆಪ್ತಸಲಹೆಯ ಕೋಣೆಯಲ್ಲಿ ಉತ್ತರವಿಲ್ಲ. ಆದರೆ ಎರಡೂ ರಾತ್ರಿಯ ಧ್ವನಿಮುದ್ರಣ ಅವರ ಫೋನಿನಲ್ಲಿತ್ತು. ಜೊತೆಗೆ ಕೂತು ಕೇಳಿದೆವು. ಕೆಫೆಯಲ್ಲಿ ನಲವತ್ತು ಜನ ಭುಜಕ್ಕೆ ಭುಜ ತಾಗಿಸಿ ಕೂತಿದ್ದರು, ಬೆಳಕು ಮಾತಾಡುವವರ ಮೇಲೆ ಮಾತ್ರ. ಪೆಂಡಾಲಿನಲ್ಲಿ ಟ್ಯೂಬ್‌ಲೈಟುಗಳು ಉರಿಯುತ್ತಿದ್ದವು, ವೇದಿಕೆಗೂ ಮೊದಲ ಸಾಲಿಗೂ ಇಪ್ಪತ್ತು ಅಡಿ, ಸ್ಪೀಕರಿನಲ್ಲಿ ಪ್ರತಿಧ್ವನಿ, ಆಗಷ್ಟೇ ಆರ್ಕೆಸ್ಟ್ರಾ ಮುಗಿದಿತ್ತು. ನಗು ಒಬ್ಬರಿಂದ ಒಬ್ಬರಿಗೆ ಹಬ್ಬುವಂಥದ್ದು. ಕುರ್ಚಿಗಳು ದೂರವಾದರೆ ಹಬ್ಬುವುದು ಕಷ್ಟ. ಮೊದಲ ನಗೆಯ ಸಾಲು ಬಂದದ್ದು ನಲವತ್ತು ಸೆಕೆಂಡಿನ ನಂತರ. ಕೆಫೆಯವರು ಕಾಯಲೆಂದೇ ಬಂದವರು, ಪೆಂಡಾಲಿನವರು ಹದಿನೈದು ಸೆಕೆಂಡೂ ಕಾಯುವುದಿಲ್ಲ. ಇನ್ನೊಂದು ವಿಷಯ, ನಮ್ಮ ಊರುಗಳ ಕಿವಿ ಪಳಗಿರುವುದು ಹಾಸ್ಯ ಭಾಷಣಕ್ಕೆ. ಗಂಗಾವತಿ ಪ್ರಾಣೇಶ್, ಪ್ರೊ. ಕೃಷ್ಣೇಗೌಡರಂಥವರನ್ನು ಜನ ನಿಧಾನವಾಗಿ ಕೂತು ಕೇಳುತ್ತಾರೆ. ಅವರಿಗೆ ಕಥೆ ಕಟ್ಟಲು ಸಮಯವಿದೆ, ಹೆಸರಿನ ಬಲವೂ ಇದೆ. ಪಿಜಿ, ಮೆಟ್ರೊಗಳ ಮೇಲಿನ ಐದು ನಿಮಿಷ ಅಲ್ಲಿ ಸೋತದ್ದಕ್ಕೆ ಪ್ರತಿಭೆಯ ಮೇಲೆ ತೀರ್ಪು ಬರೆಯಬೇಕಿಲ್ಲ.

ಕೊಟ್ಟ ಮನೆಗೆಲಸ: ಒಂದು ನೋಟ್‌ಬುಕ್. ತಾರೀಕು, ಜಾಗ, ಎಷ್ಟು ಜನ, ಮೊದಲ ನಗು ಎಷ್ಟನೇ ಸೆಕೆಂಡಿಗೆ, ಪ್ರತಿ ಜೋಕಿನ ಎದುರು ನಗು, ಮುಗುಳ್ನಗು ಅಥವಾ ಮೌನ. ಐದು ಬೇರೆ ಬೇರೆ ಜಾಗಗಳಲ್ಲಿ ಹೇಳುವವರೆಗೆ ಯಾವ ಜೋಕನ್ನೂ ಕೈಬಿಡಬಾರದು. ಒಂದು ಸಲಕ್ಕೆ ಒಂದೇ ಬದಲಾವಣೆ, ಇಲ್ಲದಿದ್ದರೆ ಯಾವುದು ಕೆಲಸ ಮಾಡಿತೆಂದು ತಿಳಿಯುವುದಿಲ್ಲ. ಪ್ರತಿ ಸಲವೂ ಬೆಂಗಳೂರಿಗೇ ಓಡಬೇಕಿಲ್ಲ. ಹಾಸನದ ಯಾವುದಾದರೂ ಕೆಫೆಯಲ್ಲಿ ಗಿರಾಕಿ ಕಡಿಮೆಯಿರುವ ಹೊತ್ತಿಗೆ 25 ಕುರ್ಚಿ ಒತ್ತಾಗಿ ಹಾಕಿ, ಒಂದು ದೀಪ, ಒಂದು ಮೈಕ್ ಇಟ್ಟು, ನಾಲ್ಕು ಜನ ತಲಾ ಐದು ನಿಮಿಷ ಮಾತಾಡಿದರೂ ಅಭ್ಯಾಸವೇ. ಟಿಕೆಟ್ ಇಡುವುದಾದರೆ ಪೊಲೀಸ್ ಠಾಣೆಯಲ್ಲಿ ಮೊದಲೇ ವಿಚಾರಿಸಬೇಕು.

ನಿದ್ದೆ ಕೆಡಿಸಿದ್ದು ಮೌನಕ್ಕಿಂತ ಹೆಚ್ಚಾಗಿ ತಾಯಿಯ ಮುಖ. ಐದು ನಿಮಿಷದಲ್ಲಿ ಎರಡು ನಿಮಿಷ ಅಮ್ಮನ ವರಾನ್ವೇಷಣೆಯದೇ ಮಾತು. ಎರಡನೇ ಭೇಟಿಗೆ ತಾಯಿಯನ್ನೂ ಕರೆಸಿದೆವು. ಅವರಿಗೆ ನೋವಾದದ್ದು ಜೋಕಿನಿಂದಲ್ಲ, ಅದನ್ನು ಮೊದಲ ಬಾರಿಗೆ ಅಕ್ಕಪಕ್ಕದ ಮನೆಯವರ ಜೊತೆ ಕೂತು ಕೇಳಬೇಕಾದದ್ದರಿಂದ. ಇಬ್ಬರೂ ಒಪ್ಪಿದ ಕರಾರು: ಮನೆಯವರ ಬಗ್ಗೆ ಬರೆದದ್ದನ್ನು ಮೊದಲು ಮನೆಯಲ್ಲೇ ಹೇಳುವುದು, ಕಾಯಿಲೆ, ಸಾಲ, ನೆಂಟರ ಹೆಸರು ಎಂದಿಗೂ ವೇದಿಕೆ ಹತ್ತಬಾರದು. ಸಣ್ಣ ಊರಲ್ಲಿ ಹಾಸ್ಯ ಮಾಡುವ ಯಾರಿಗಾದರೂ ಇದು ತಾಲೀಮಿನಷ್ಟೇ ಮುಖ್ಯ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಪಾಡ್‌ಕಾಸ್ಟ್ ನಿಂತದ್ದನ್ನು ಅವರು ಸೋಮಾರಿತನ ಎಂದುಕೊಂಡಿದ್ದರು. ಲೆಕ್ಕ ಹಾಕಿದಾಗ ಕಂಡದ್ದೇ ಬೇರೆ. ಗೆಳತಿ ಬಂದು ಒಂದೂವರೆ ಗಂಟೆ ಮಾತಾಡಿ ಹೋಗುತ್ತಿದ್ದರು, ಎಡಿಟಿಂಗಿನ ಎಂಟು ಗಂಟೆ ಇವರೊಬ್ಬರದೇ. ಮೇಲಾಗಿ ಜಿಂಕ್ ಶೀಟಿನ ಮಾಳಿಗೆ ಕೋಣೆ. ಜುಲೈನ ಜಡಿಮಳೆ ಸದ್ದನ್ನು ಸಾಫ್ಟ್‌ವೇರಿನಿಂದ ಚೊಕ್ಕವಾಗಿ ತೆಗೆಯುವುದು ಕಷ್ಟ. ಹೊಸ ಯೋಜನೆ ಹೀಗಿದೆ. ವರ್ಷವಿಡೀ ಓಡಬೇಡಿ, ಎಂಟು ಕಂತಿನ ಒಂದು ಸೀಸನ್ ಸಾಕು. ಫೆಬ್ರವರಿ, ಮಾರ್ಚ್‌ನಲ್ಲೇ ರೆಕಾರ್ಡಿಂಗ್ ಮುಗಿಸಿ, ಮಳೆಗಾಲದಲ್ಲಿ ಬಿಡುಗಡೆ ಮಾಡಿ. ಕಂತು 35 ನಿಮಿಷ ಮೀರದಿರಲಿ. ಇಬ್ಬರಿಗೂ ಬೇರೆ ಬೇರೆ ಡೈನಮಿಕ್ ಮೈಕ್ (ಸುತ್ತಲಿನ ಸದ್ದನ್ನು ಕಡಿಮೆ ಹಿಡಿಯುವ ಬಗೆ), ಬೇರೆ ಬೇರೆ ಟ್ರ್ಯಾಕ್. ಮೈಕ್ ಬಾಯಿಂದ ನಾಲ್ಕು ಬೆರಳು ದೂರ, ಸ್ವಲ್ಪ ಓರೆಯಾಗಿರಲಿ, ‘ಪ’, ‘ಭ’ ಹೇಳುವಾಗ ಉಸಿರು ನೇರ ಬಡಿಯುವುದಿಲ್ಲ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದಿಡಿ, ಗೋಡೆಗೆ ಕಂಬಳಿ ತೂಗಿಸಿ. ಜೋರು ನಗು ಬಂದರೂ ಮೀಟರ್ ಮೈನಸ್ 6 ಡೆಸಿಬೆಲ್ ದಾಟಬಾರದು. ಕೊನೆಯ ಫೈಲ್ ಮೈನಸ್ 16 ಎಲ್‌ಯುಎಫ್‌ಎಸ್ (ಇಡೀ ಕಂತಿನ ಸದ್ದು ಕಿವಿಗೆ ಎಷ್ಟು ಜೋರೆಂದು ಹೇಳುವ ಅಳತೆ) ಆಸುಪಾಸು ಇರಲಿ. ಎಡಿಟಿಂಗ್ ಸರದಿಯ ಮೇಲೆ. ಚಾನೆಲ್‌ನ ಪಾಸ್‌ವರ್ಡ್ ಯಾರ ಬಳಿ, ಆದಾಯದ ಪಾಲೆಷ್ಟು, ಒಬ್ಬರು ಬಿಟ್ಟುಹೋದರೆ ಹಳೆಯ ಕಂತು ಯಾರದು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಬೇಕು. ಗೆಳೆತನ ಚೆನ್ನಾಗಿರುವಾಗಲೇ ಬರೆಯಬೇಕಾದ ಹಾಳೆ ಅದು.

ಹಣದ ಲೆಕ್ಕವನ್ನು ಅವರೇ ಮಾಡಿದರು. ಯೂಟ್ಯೂಬ್ ಜಾಹೀರಾತಿನ ಪಾಲು ಸಿಗಲು 1,000 ಚಂದಾದಾರರು, 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಬೇಕು. ಶಾರ್ಟ್ಸ್ ಎಂಬ ಕಿರು ವಿಡಿಯೊಗಳ ಮೂಲಕವಾದರೆ 90 ದಿನದಲ್ಲಿ ಒಂದು ಕೋಟಿ ವೀಕ್ಷಣೆ. 4,000 ಗಂಟೆ ಎಂದರೆ 2,40,000 ನಿಮಿಷ. ಒಬ್ಬರು ಸರಾಸರಿ 10 ನಿಮಿಷ ನೋಡಿದರೂ 24,000 ವೀಕ್ಷಣೆ. ಈಗ ಕಂತಿಗೆ ಬರುತ್ತಿರುವ 300ರ ಲೆಕ್ಕದಲ್ಲಿ 80 ಕಂತು. ಹಾಗಾಗಿ ಮೊದಲ ಸಂಪಾದನೆ ಕಾಲೇಜು ಉತ್ಸವ, ಕಂಪನಿ ಕಾರ್ಯಕ್ರಮ, ನಿರೂಪಣೆ, ಬೇರೆಯವರಿಗೆ ಸ್ಕ್ರಿಪ್ಟ್ ಬರೆಯುವುದರಿಂದಲೇ ಬರಬೇಕು. ಅಲ್ಲಿ ಅರ್ಧ ಹಣ ಮುಂಗಡ ಕೇಳಿ; ಉಳಿದದ್ದು ಬರುವುದು ತಡವಾಗುತ್ತದೆ. ಶೇ. 10ರಷ್ಟು ಟಿಡಿಎಸ್ (ಹಣ ಕೊಡುವವರೇ ಮೊದಲೇ ಕಡಿದುಕೊಳ್ಳುವ ಆದಾಯ ತೆರಿಗೆ) ಹಿಡಿದರೆ ರಿಟರ್ನ್ಸ್ ಸಲ್ಲಿಸಿ ಹೊಂದಿಸಿಕೊಳ್ಳಬೇಕು.

ಕೆಲಸ ಬಿಡಲು ಮೂರು ಷರತ್ತು ಒಪ್ಪಿದ್ದಾರೆ: ಆರು ತಿಂಗಳ ಮನೆಖರ್ಚು ಪ್ರತ್ಯೇಕ ಖಾತೆಯಲ್ಲಿ, ಸತತ ಆರು ತಿಂಗಳು ಖರ್ಚಿನ ಅರ್ಧದಷ್ಟಾದರೂ ವೇದಿಕೆಯಿಂದ ಬಂದಿರುವುದು, ಐದು ಜಾಗಗಳಲ್ಲಿ ಗೆದ್ದ 20 ನಿಮಿಷದ ಸರಕು. ನೇಮಕಾತಿ ಪತ್ರದಲ್ಲಿ ಹೊರಗಿನ ದುಡಿಮೆಗೆ ನಿರ್ಬಂಧವಿದೆಯೇ ಎಂದು ಈ ವಾರವೇ ನೋಡಬೇಕು.

ಪ್ರದರ್ಶನದ ರಾತ್ರಿ ಕಾಮೆಂಟ್ ಓದಬಾರದು, ರೆಕಾರ್ಡಿಂಗ್ ಕೇಳಬಾರದು; ಒಂದು ದಿನ ಕಳೆಯಲಿ. ನಿದ್ದೆ, ಹಸಿವು ಎರಡು ವಾರಕ್ಕೂ ಮೀರಿ ಕೆಟ್ಟರೆ ಮನೋವೈದ್ಯರನ್ನು ಕಾಣಬೇಕೆಂದೂ, ನಡುರಾತ್ರಿ ಮನಸ್ಸು ತೀರ ಕುಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದೆಂದೂ ಬರೆದುಕೊಟ್ಟಿದ್ದೇವೆ.