ಹೆದರಿಕೆ ಅವಸರ ಮಾಡಿಸುತ್ತದೆ

ತಮ್ಮಾ,

ನಿನ್ನ ಪ್ರಶ್ನೆ ಓದಿದೆ. ದುಬೈಯ ವೇರ್‌ಹೌಸ್ ಒಂದರಲ್ಲಿ ಕೆಲಸಕ್ಕೆ ಆಫರ್ ಬಂದಿದೆ. ಕಾಸರಗೋಡಿನ ಬೇಳದ ಮನೆಯಲ್ಲಿ ಅಮ್ಮ ಟೀವಿಯಲ್ಲಿ ಕ್ಷಿಪಣಿ ನೋಡಿ ನೋಡಿ ಊಟ ಸೇರುವುದಿಲ್ಲ ಅನ್ನುತ್ತಾರೆ. ಹೋದ ಮೇಲೆ ಕೆಲಸ ಹೋದರೆ ಸಾಲ ತೀರಿಸುವುದು ಹೇಗೆಂದು ನಿನಗೆ ನಿದ್ದೆ ಇಲ್ಲ. ಇದರ ಮೇಲೆ ಪ್ರಾರ್ಥನಾ ಕೂಟದಲ್ಲಿ ಯಾರೋ "ಹೆದರುವವನಿಗೆ ವಿಶ್ವಾಸ ಇಲ್ಲ" ಅಂದರಂತೆ. ಹೋಗುವುದಾ ಬೇಡವಾ, ಅಲ್ಲಿ ಇಗರ್ಜಿಗೆ ಹೋಗಲು ಬಿಡುತ್ತಾರಾ, ಇಷ್ಟು ಹೆದರಿಕೆ ಇಟ್ಟುಕೊಂಡು ವಿಶ್ವಾಸಿ ಅನ್ನಿಸಿಕೊಳ್ಳಬಹುದಾ ಅಂತ ಕೇಳಿದ್ದೀ.

ಕೊನೆಯದರಿಂದಲೇ ಸುರು ಮಾಡುವ. ಆ ಕೂಟದಲ್ಲಿ ಮಾತಾಡಿದವರು ಬೈಬಲಿನ 56ನೇ ಕೀರ್ತನೆ ಓದಿಲ್ಲವೆಂದು ಕಾಣುತ್ತದೆ. ದಾವೀದ ಶತ್ರುಗಳ ಕೈಗೆ ಸಿಕ್ಕಿದಾಗಿನ ಕೀರ್ತನೆ ಅದು. ನನಗೆ ಹೆದರಿಕೆಯೇ ಆಗುವುದಿಲ್ಲ ಎಂದು ಅವನು ಹೇಳುವುದಿಲ್ಲ. ಹೆದರಿಕೆಯಾದಾಗ ನಿನ್ನನ್ನು ನಂಬುತ್ತೇನೆ ಅನ್ನುತ್ತಾನೆ. ಹೆದರಿಕೆ ಬರುವುದು ಜ್ವರ ಬಂದ ಹಾಗೆ, ಅದರಲ್ಲಿ ಪಾಪವೇನೂ ಇಲ್ಲ. ಹೆದರಿಕೆ ಹೇಳಿದ್ದನ್ನೆಲ್ಲ ಮಾಡುವುದು ಬೇರೆ ವಿಷಯ. ಅದು ಹೇಳುವುದು ಹೆಚ್ಚಾಗಿ ಎರಡೇ ಮಾತು: ಬೇಗ ಮಾಡು, ಯಾರಿಗೂ ಹೇಳಬೇಡ. ಗಲ್ಫಿನಲ್ಲಿ ನಮ್ಮ ಹುಡುಗರು ಸಿಕ್ಕಿಬಿದ್ದ ಕಡೆಯಲ್ಲೆಲ್ಲ ಈ ಎರಡು ಮಾತು ಇದ್ದೇ ಇರುತ್ತದೆ. ನಾಳೆಯೊಳಗೆ ದುಡ್ಡು ಕಟ್ಟದಿದ್ದರೆ ವೀಸಾ ಬೇರೆಯವರಿಗೆ ಹೋಗುತ್ತದೆ ಎನ್ನುವ ಏಜೆಂಟ್ ಮಾರುವುದು ಅದನ್ನೇ.

ವಿಶ್ವಾಸ ಇರುವವನು ಕಾಗದ ಓದುತ್ತಾನೆ. ಗೋಪುರ ಕಟ್ಟಲು ಹೊರಟವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕಲಿ ಎಂದವರು ಯೇಸು ಸ್ವಾಮಿಯೇ. ಹಾಗಾಗಿ ನಿನ್ನ ಕಾಗದ ನೋಡುವ.

ಯುಎಇಯಲ್ಲಿ ಕಾರ್ಮಿಕ ಸಚಿವಾಲಯದ ನಮೂನೆಯಲ್ಲಿರುವ ಆಫರ್ ಲೆಟರ್ ಮಾತ್ರ ಲೆಕ್ಕಕ್ಕೆ. ಕಂಪನಿಯ ಲೆಟರ್‌ಹೆಡ್ಡಿನಲ್ಲಿ ಅಚ್ಚು ಹಾಕಿದ ಚಂದದ ಕಾಗದವಲ್ಲ. ಅರೇಬಿಕ್, ಇಂಗ್ಲಿಷ್ ಜತೆಗೆ ಅದು ಹಿಂದಿ, ಮಲಯಾಳಂ, ತಮಿಳಿನಲ್ಲೂ ಸಿಗುತ್ತದೆ, ಕನ್ನಡದಲ್ಲಿ ಸಿಗುವುದಿಲ್ಲ. ನಮ್ಮ ಕಡೆಯ ಕನ್ನಡ ಮೀಡಿಯಂ ಮಕ್ಕಳಿಗೆ ಮಲಯಾಳಂ ಮಾತಾಡಲು ಬರುತ್ತದೆ, ಓದಲು ತಡವರಿಸುತ್ತಾರೆ. ನಾಚಿಕೆಗೆ ಬಿದ್ದು ತಲೆಯಾಡಿಸಿ ಸಹಿ ಹಾಕಬೇಡ. ಇಂಗ್ಲಿಷ್ ಪ್ರತಿ ಕೇಳಿ ತೆಗೆದುಕೊಂಡು ಗೊತ್ತಿದ್ದವರ ಹತ್ತಿರ ಓದಿಸು.

ಅದರಲ್ಲಿ ಮೊದಲು ನೋಡಬೇಕಾದದ್ದು ಬೇಸಿಕ್, ಅಂದರೆ ಮೂಲ ಸಂಬಳ. ಒಟ್ಟು ಸಂಬಳ 3,000 ದಿರ್ಹಂ ಎಂದು ಹಿಗ್ಗುವವರೇ ಜಾಸ್ತಿ. ಅದರಲ್ಲಿ ಬೇಸಿಕ್ 1,200 ಇದ್ದು ಉಳಿದದ್ದು ಅಲವೆನ್ಸ್ ಆದರೆ, ಕಷ್ಟ ಬಂದ ದಿನ ನಿನ್ನ ಕೈಗೆ ಬರುವುದು ಹೆಚ್ಚಾಗಿ ಆ 1,200ರ ಲೆಕ್ಕದಲ್ಲಿ. ಕೆಲಸ ಮುಗಿಸಿ ಹೊರಡುವಾಗ ಸಿಗುವ ಇಡಿಗಂಟು, ಅಂದರೆ ಗ್ರಾಚ್ಯುಟಿ, ಮೊದಲ 5 ವರ್ಷಗಳಿಗೆ ತಲಾ 21 ದಿನದ ಬೇಸಿಕ್, ಆಮೇಲಿನ ವರ್ಷಗಳಿಗೆ 30 ದಿನದ್ದು. ಒಂದು ವರ್ಷ ತುಂಬದಿದ್ದರೆ ಏನೂ ಇಲ್ಲ. ಬೇಸಿಕ್ 1,200 ಇದ್ದವನಿಗೆ ದಿನಕ್ಕೆ 40, ಅಂದರೆ ವರ್ಷಕ್ಕೆ 840 ದಿರ್ಹಂ. ಬೇಸಿಕ್ 2,000 ಇದ್ದರೆ 1,400.

ಕೆಲಸ ಹೋದರೆ ಎಂಬ ನಿನ್ನ ಹೆದರಿಕೆಗೆ ಅಲ್ಲಿ 2023ರಿಂದ ಕಡ್ಡಾಯದ ವಿಮೆಯೇ ಉಂಟು. ಬೇಸಿಕ್ 16,000 ದಿರ್ಹಂ ಒಳಗಿನವರಿಗೆ ತಿಂಗಳಿಗೆ 5 ದಿರ್ಹಂ. ಕಟ್ಟಬೇಕಾದವನು ನೀನು, ಕಂಪನಿಯಲ್ಲ. ಮಾಡಿಸದಿದ್ದರೆ 400 ದಿರ್ಹಂ ದಂಡ. ಕೆಲಸ ಹೋದರೆ ಬೇಸಿಕ್ಕಿನ ಶೇ. 60ರಂತೆ ಹೆಚ್ಚೆಂದರೆ 3 ತಿಂಗಳು ಕೊಡುತ್ತಾರೆ. 1,200ಕ್ಕೆ ಅದು ತಿಂಗಳಿಗೆ 720. ಎಡವುವುದು ಮೂರು ಕಡೆ. ಸತತ 12 ತಿಂಗಳು ಕಟ್ಟಿರಬೇಕು, ನಡುವೆ ಬಿಟ್ಟವನಿಗೆ ಸಿಗುವುದಿಲ್ಲ. ಕೆಲಸ ಹೋದ 30 ದಿನದೊಳಗೆ ಅರ್ಜಿ ಹಾಕಬೇಕು. ಮೂರನೆಯದರಲ್ಲೇ ಹೆಚ್ಚಿನವರು ಸೋಲುವುದು: ತಾನಾಗಿ ರಾಜೀನಾಮೆ ಕೊಟ್ಟವನಿಗೆ ಇಲ್ಲ. ಕಂಪನಿಗೆ ಜನ ಕಮ್ಮಿ ಮಾಡಬೇಕಾದಾಗ ಎಚ್‌ಆರ್‌ನವರು ಒಂದು ಕಾಗದ ಮುಂದಿಟ್ಟು "ಇಲ್ಲಿ ಸಹಿ ಹಾಕಿದರೆ ಸುಲಭ" ಅನ್ನುತ್ತಾರೆ. ಅದು ರಾಜೀನಾಮೆ ಪತ್ರವಾಗಿರಬಹುದು. ಗಡಗಡ ನಡುಗುವ ಕೈ ಬೇಗ ಸಹಿ ಹಾಕುತ್ತದೆ. "ರೂಮಿಗೆ ಹೋಗಿ ಓದಿ ನಾಳೆ ಕೊಡುತ್ತೇನೆ" ಎನ್ನುವಷ್ಟು ಎದೆ ಗಟ್ಟಿ ಇರಲಿ. ಪ್ರಾರ್ಥನೆ ಮಾಡುವುದಿದ್ದರೆ ಆ ಒಂದು ವಾಕ್ಯಕ್ಕಾಗಿ ಮಾಡು.

ಬಾಕಿಯೆಲ್ಲ ಚುಟುಕಾಗಿ ಹೇಳಿಬಿಡುತ್ತೇನೆ. ಪ್ರೊಬೇಷನ್ 6 ತಿಂಗಳಿಗಿಂತ ಹೆಚ್ಚು ಇರುವಂತಿಲ್ಲ. ಕೆಲಸ ಮುಗಿದ ಮೇಲೆ ಲೆಕ್ಕ ಚುಕ್ತಾ 14 ದಿನದೊಳಗೆ ಆಗಬೇಕು. ಪಾಸ್‌ಪೋರ್ಟ್ ಕಂಪನಿ ಇಟ್ಟುಕೊಳ್ಳುವಂತಿಲ್ಲ. ವೀಸಾ ಕ್ಯಾನ್ಸಲ್ ಆದ ಮೇಲೆ ಎಷ್ಟು ದಿನ ಇರಬಹುದೆಂದು ಆ ಕ್ಯಾನ್ಸಲ್ ಕಾಗದದಲ್ಲೇ ಇರುತ್ತದೆ, ದಾಟಿದರೆ ದಿನಕ್ಕೆ 50 ದಿರ್ಹಂ ದಂಡ. ವೀಸಾ ಖರ್ಚು ಮಾಲೀಕನದ್ದು. ನಮ್ಮ ದೇಶದ ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ, ಅಷ್ಟೆ. ಲಕ್ಷ ಕೇಳುವವನು ಶಿಲುಬೆಯ ಗುರುತು ಹಾಕಿಕೊಂಡು ಕೇಳಿದರೂ ಲಕ್ಷ ಲಕ್ಷವೇ. ಅವನ ಹೆಸರು ಭಾರತ ಸರಕಾರದ ಇ-ಮೈಗ್ರೇಟ್ ವೆಬ್‌ಸೈಟಿನ ಪಟ್ಟಿಯಲ್ಲಿ ಉಂಟಾ ನೋಡು.

ಈಗ ಬೈಬಲಿನ ಯೆರೆಮೀಯ ಪ್ರವಾದಿಯ 29ನೇ ಅಧ್ಯಾಯಕ್ಕೆ ಬರುವ. ನಿಮ್ಮ ಬಗ್ಗೆ ನನಗಿರುವ ಯೋಜನೆ ಒಳಿತಿನದು ಎಂಬ 11ನೇ ವಚನವನ್ನು ಪರದೇಶಕ್ಕೆ ಹೋದವರೆಲ್ಲ ಸ್ಟೇಟಸ್‌ಗೆ ಹಾಕುತ್ತಾರೆ. ಅದು ಒಂದು ಕಾಗದದ ನಡುವಿನ ಸಾಲು. ಜೆರುಸಲೇಮಿನಿಂದ ಬಾಬಿಲೋನಿಗೆ ಸೆರೆ ಹೋದವರಿಗೆ ಬರೆದ ಕಾಗದ. ಅದರ ಸುರುವಿನಲ್ಲಿರುವುದು ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಫಲ ತಿನ್ನಿ, ನಾನು ಕಳಿಸಿದ ಆ ಊರಿನ ಒಳಿತಿಗಾಗಿ ಪ್ರಾರ್ಥಿಸಿ ಎಂದು. 11ಕ್ಕೆ ಒಂದೇ ವಚನ ಹಿಂದೆ 70 ವರ್ಷ ಎಂಬ ಲೆಕ್ಕ ಉಂಟು. ಇನ್ನೂ ಒಂದು ಅಧ್ಯಾಯ ಹಿಂದೆ ಹೋದರೆ ಹನನ್ಯ ಎಂಬವನು ಎರಡು ವರ್ಷದಲ್ಲಿ ಎಲ್ಲರೂ ವಾಪಸ್ ಎಂದು ಘೋಷಿಸುತ್ತಾನೆ. ಎರಡು ವರ್ಷ ಎಂದವನೇ ಸುಳ್ಳು ಪ್ರವಾದಿ.

ಗಲ್ಫಿಗೆ ಹೊರಟವರ ಬಾಯಲ್ಲಿ ಬರುವುದೂ ಇದೇ: ಎರಡು ವರ್ಷ, ಸಾಲ ತೀರಿಸಿ ಬಂದುಬಿಡುತ್ತೇನೆ. ಅಮ್ಮನಿಗೆ ಈ ಮಾತು ಕೊಟ್ಟು ಹೋಗಬೇಡ. ಎರಡೇ ವರ್ಷ ಎಂದು ನಂಬಿದವನು ಪರದೇಶದಲ್ಲಿರುವವರಿಗೆ ಬ್ಯಾಂಕಿನಲ್ಲಿ ಇರುವ ಎನ್‌ಆರ್‌ಇ ಖಾತೆ ತೆರೆಯುವುದಿಲ್ಲ, ನಾಲ್ಕು ಮಾತು ಅರೇಬಿಕ್ ಕಲಿಯುವುದಿಲ್ಲ, ಇಗರ್ಜಿಯಲ್ಲಿ ಯಾರ ಪರಿಚಯವನ್ನೂ ಮಾಡಿಕೊಳ್ಳುವುದಿಲ್ಲ. ಮೂರನೇ ವರ್ಷ ಬಂದಾಗ ಅವನ ಕೈಯಲ್ಲಿ ಏನೂ ಇರುವುದಿಲ್ಲ, ಆಗ ಸುರುವಾಗುತ್ತದೆ ನೋಡು ನಿಜವಾದ ಹೆದರಿಕೆ. ಭಾಷೆಯಲ್ಲಿ ನಾವು ಕನ್ನಡದವರು, ರೇಷನ್ ಕಾರ್ಡಿನಲ್ಲಿ ಕೇರಳದವರು. ಆದ್ದರಿಂದ ನಿನಗೆ ನೋರ್ಕಾ, ಅಂದರೆ ಪರದೇಶದಲ್ಲಿರುವ ಕೇರಳದವರಿಗಾಗಿ ಇರುವ ಸರಕಾರಿ ಸಂಸ್ಥೆ. ಹೋಗಿ ಆರು ತಿಂಗಳಾದ ಮೇಲೆ ಅಪಘಾತ ವಿಮೆ ಇರುವ ಅದರ ಗುರುತಿನ ಚೀಟಿ ಮಾಡಿಸು. ಕೇರಳದ ಪ್ರವಾಸಿ (ಪರದೇಶದಲ್ಲಿ ದುಡಿಯುವವರ) ಕಲ್ಯಾಣ ಮಂಡಳಿಗೂ ಸೇರು, ಕನಿಷ್ಠ 5 ವರ್ಷ ಕಂತು ಕಟ್ಟಿದವರಿಗೆ 60ರ ನಂತರ ಪಿಂಚಣಿ ಉಂಟು. ತೋಟ ಮಾಡಿ ಎಂದು ಯೆರೆಮೀಯ ಬರೆದದ್ದು ಇಂಥದ್ದಕ್ಕೇ ಅಂತ ಇಟ್ಟುಕೋ.

ಇಗರ್ಜಿ ವಿಷಯ. ದುಬೈಯಲ್ಲಿ ಊದ್ ಮೇತಾದಲ್ಲಿ ಸಂತ ಮರಿಯಮ್ಮನವರ ಇಗರ್ಜಿ ಉಂಟು, ಹಸಿರು ಮೆಟ್ರೋದಲ್ಲಿ ಅದೇ ಹೆಸರಿನ ಸ್ಟೇಷನ್. ಅದೇ ಬಡಾವಣೆಯ ಹೋಲಿ ಟ್ರಿನಿಟಿ ಆವರಣದಲ್ಲಿ ಪ್ರೊಟೆಸ್ಟೆಂಟ್ ಸಭೆಗಳು ಸೇರುತ್ತವೆ. ಜೆಬೆಲ್ ಅಲಿ ಕಡೆ ರೂಮ್ ಸಿಕ್ಕಿದರೆ ಅಲ್ಲಿ ಸಂತ ಫ್ರಾನ್ಸಿಸ್ ಅಸ್ಸಿಸಿ ಇಗರ್ಜಿ. 2022ರ ಜನವರಿಯಿಂದ ಅಲ್ಲಿ ಸರಕಾರಿ ರಜೆ ಶನಿವಾರ, ಭಾನುವಾರ. ಆದರೆ ವೇರ್‌ಹೌಸಿನವನಿಗೆ ವಾರಕ್ಕೆ ಒಂದೇ ರಜೆ ಸಿಗಬಹುದು, ಅದು ಭಾನುವಾರವೇ ಆಗಬೇಕೆಂದಿಲ್ಲ. ಶನಿವಾರ ಸಂಜೆಯ ಪೂಜೆಯೂ ಭಾನುವಾರದ ಲೆಕ್ಕಕ್ಕೇ ಬರುತ್ತದೆ. ಬೈಬಲ್, ಜಪಸರ ನಿನ್ನ ಬಳಕೆಗೆ ಕೊಂಡುಹೋಗು, ಯಾರೂ ಕೇಳುವುದಿಲ್ಲ. ಮಂಚದ ಮೇಲೆ ಕೂತು ತೇರ್ಸ್ (ಜಪಸರದ ಪ್ರಾರ್ಥನೆ) ಹೇಳಿಕೊಳ್ಳಲು ಅಡ್ಡಿ ಇಲ್ಲ. ರೂಮಿನಲ್ಲಿ ಹೊರಗಿನವರನ್ನು ಸೇರಿಸಿ ಕೂಟ ನಡೆಸುವುದು, ಕರಪತ್ರ ಹಂಚುವುದು, ಮುಸಲ್ಮಾನರಿಗೆ ಮತ ಬೋಧಿಸುವುದು ಕಾನೂನಿಗೆ ವಿರುದ್ಧ. ಆರಾಧನೆ ಪರವಾನಗಿ ಇರುವ ಜಾಗದಲ್ಲಿ ಮಾತ್ರ. ಇದರಲ್ಲಿ ವೀರತನ ತೋರಿಸಲು ಹೋದರೆ ಕೂಟಕ್ಕೆ ಬಂದ ಪಾಪದವರ ಕೆಲಸವೂ ಹೋಗುತ್ತದೆ.

ಇನ್ನೊಂದು ಗುಂಡಿ ಉಂಟು, ಒಳ್ಳೆಯ ಮನಸ್ಸಿನವರೇ ಬೀಳುವುದು. ಯಾರಿಗಾದರೂ ಆಸ್ಪತ್ರೆ ಖರ್ಚೆಂದು ವಾಟ್ಸಾಪ್ ಗುಂಪಿನಲ್ಲಿ ಹಣ ಎತ್ತುವುದು. ಯುಎಇಯಲ್ಲಿ ಪರವಾನಗಿ ಇಲ್ಲದೆ ಚಂದಾ ಎತ್ತುವುದು ಅಪರಾಧ. ಇಗರ್ಜಿಯ ಕಚೇರಿಗೆ ಹೇಳು, ನೀನು ಕೊಡುವುದನ್ನು ನೀನೇ ಕೊಡು. ಹಾಗೆಯೇ "ಕಾಣಿಕೆಯ ಬೀಜ ಬಿತ್ತು, ಕೆಲಸ ಖಾಯಂ ಆಗುತ್ತದೆ" ಎನ್ನುವ ಬೋಧಕರು ಫೋನಿನಲ್ಲೇ ಸಿಗುತ್ತಾರೆ. ಅವರು ಮಾರುವುದೂ ಹೆದರಿಕೆಯನ್ನೇ, ಏಜೆಂಟನ ಹಾಗೆ.

ಯುದ್ಧದ ಮಾತು. 2025ರ ಜೂನ್ 23ರ ರಾತ್ರಿ ಕತಾರಿನ ಅಲ್ ಉದೈದ್ ನೆಲೆಯ ಮೇಲೆ ಇರಾನ್ ಕ್ಷಿಪಣಿ ಬಿಟ್ಟಾಗ ಕತಾರ್, ಬಹರೈನ್, ಕುವೈತ್, ಯುಎಇ ಆಕಾಶವನ್ನು ಕೆಲವು ಗಂಟೆ ಮುಚ್ಚಿದ್ದವು. ಅಂಥ ರಾತ್ರಿ ಏರ್‌ಪೋರ್ಟಿಗೆ ಓಡುವುದರಿಂದ ಪ್ರಯೋಜನ ಇಲ್ಲ, ವಿಮಾನ ಕಂಪನಿಯ ಸಂದೇಶ ಬರುವವರೆಗೆ ರೂಮಿನಲ್ಲೇ ಇರು. ಆಕಾಶದಲ್ಲಿ ಬೆಳಕು ಕಂಡರೆ ವಿಡಿಯೊ ಮಾಡಬೇಡ, ಬಂದ ವಾಯ್ಸ್ ಮೆಸೇಜನ್ನು ಮುಂದೆ ಕಳಿಸಬೇಡ. ಯುಎಇಯಲ್ಲಿ ಸುಳ್ಳು ಸುದ್ದಿ ಹರಡಿದವರಿಗೆ ಕನಿಷ್ಠ 1 ವರ್ಷ ಜೈಲು, 1 ಲಕ್ಷ ದಿರ್ಹಂ ದಂಡ. ತುರ್ತು ಪರಿಸ್ಥಿತಿಯಲ್ಲಿ ಹರಡಿದರೆ 2 ವರ್ಷ, 2 ಲಕ್ಷ. ಭಾರತದ ದೂತಾವಾಸದಲ್ಲಿ ಹೆಸರು ಮೊದಲೇ ನೋಂದಾಯಿಸು. ಊರಿಗೆ ಬರುವ ಟಿಕೆಟಿನ ಹಣವನ್ನು ಯಾವತ್ತೂ ಮುಟ್ಟದೆ ಬೇರೆ ಇಡು. ಕೊರೊನಾ ಕಾಲದಲ್ಲಿ ಜನರನ್ನು ಊರಿಗೆ ತರಲು 2020ರ ಮೇ 7ರಂದು ಸುರುವಾದ ವಂದೇ ಭಾರತ್ ವಿಮಾನಗಳಲ್ಲಿ ಬಂದವರೂ ಟಿಕೆಟಿಗೆ ತಾವೇ ದುಡ್ಡು ಕೊಟ್ಟಿದ್ದರು. ಟಿಕೆಟಿನ ಹಣದ ಜತೆಗೆ ಹಂಚಿಕೊಂಡ ರೂಮಿನಲ್ಲಿ ಮೂರು ತಿಂಗಳ ಬೆಡ್‌ಸ್ಪೇಸ್ ಬಾಡಿಗೆ, ಊಟದ ಖರ್ಚು ಕೂಡುವವರೆಗೆ ಮನೆಗೆ ಕಳಿಸುವುದನ್ನು ಹೆಚ್ಚಿಸಬೇಡ. ಕಾರಣವನ್ನು ಅಮ್ಮನಿಗೆ ಹೇಳಿಯೇ ಮಾಡು.

ಪ್ರೇಷಿತರ ಕಾರ್ಯಕಲಾಪಗಳ 27ನೇ ಅಧ್ಯಾಯ ಓದು. ಕಡಲ ಬದಿಯ ನಮಗೆ ಅದು ಬೇಗ ಅರ್ಥವಾಗುತ್ತದೆ. ಬಿರುಗಾಳಿಗೆ ಸಿಕ್ಕಿದ ಹಡಗಿನಲ್ಲಿ 276 ಜನ, ಹದಿನಾಲ್ಕು ದಿನದಿಂದ ಊಟ ಇಲ್ಲ. ಯಾರ ಜೀವವೂ ಹೋಗುವುದಿಲ್ಲ ಎಂದು ದೇವದೂತ ಪೌಲನಿಗೆ ಹೇಳಿಯಾಗಿದೆ. ಆದರೂ ನಾವಿಕರು ಸಣ್ಣ ದೋಣಿ ಇಳಿಸಿ ಗುಟ್ಟಾಗಿ ತಪ್ಪಿಸಿಕೊಳ್ಳಲು ನೋಡಿದಾಗ, ಇವರು ಹಡಗಿನಲ್ಲಿ ಉಳಿಯದಿದ್ದರೆ ನೀವು ಬದುಕುವುದಿಲ್ಲ ಎಂದು ಅವನು ಸೈನಿಕರನ್ನು ಎಚ್ಚರಿಸುತ್ತಾನೆ. ಆಮೇಲೆ ರೊಟ್ಟಿ ಮುರಿದು ಎಲ್ಲರಿಗೂ ತಿನ್ನಲು ಹೇಳುತ್ತಾನೆ. ತಿಂದಾದ ಮೇಲೆ ಗೋಧಿಯನ್ನು ಕಡಲಿಗೆ ಚೆಲ್ಲಿ ಹಡಗು ಹಗುರ ಮಾಡುತ್ತಾರೆ. ದೇವರ ಮಾತು ಸಿಕ್ಕಿದೆಯೆಂದು ಆ ಹಡಗಿನಲ್ಲಿ ಯಾರೂ ಕೈಕಟ್ಟಿ ಕೂರಲಿಲ್ಲ.

ಊರಲ್ಲೇ ಕೂತರೆ ಅನಿಶ್ಚಯ ಇಲ್ಲ ಅಂದುಕೊಳ್ಳಬೇಡ ಮಾರಾಯ. 2020ರ ಮಾರ್ಚಿನಲ್ಲಿ ಕೊರೊನಾ ಹೆದರಿಕೆಗೆ ಕರ್ನಾಟಕದವರು ಗಡಿಯಲ್ಲಿ ಮಣ್ಣು ಸುರಿದು ದಾರಿ ಮುಚ್ಚಿದಾಗ ಕಾಸರಗೋಡಿನ ರೋಗಿಗಳಿಗೆ ಮಂಗಳೂರಿನ ಆಸ್ಪತ್ರೆಯೇ ಪರದೇಶವಾಗಿತ್ತು.

ವಾರಗಟ್ಟಲೆ ನಿದ್ದೆ ಬಾರದೆ, ಎದೆ ಬಿಗಿದು, ಕೆಲಸದಲ್ಲಿ ಕೈ ನಡುಗುವ ಹಾಗಾದರೆ ಅದನ್ನು ವಿಶ್ವಾಸದ ಪರೀಕ್ಷೆ ಎಂದು ಸಹಿಸಿ ಕೂರಬೇಡ, ಡಾಕ್ಟರಿಗೆ ತೋರಿಸು. ದುಬೈಯಲ್ಲಿ ಆರೋಗ್ಯ ವಿಮೆ ಮಾಲೀಕನೇ ಮಾಡಿಸಬೇಕು, ಕಾರ್ಡ್ ಕೇಳಿ ತೆಗೆದುಕೋ. ಎಲೀಯ ಪ್ರವಾದಿ ಜೀವಭಯದಲ್ಲಿ ಓಡಿ ಮರದಡಿ ಬಿದ್ದು ಸಾವು ಬೇಡಿದಾಗ ದೇವರು ಉಪದೇಶ ಕೊಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ಹೂಜಿ ನೀರು, ನಿದ್ದೆ. ಎದ್ದ ಮೇಲೆ ಇನ್ನೊಮ್ಮೆ ಊಟ. ಮಾತುಕತೆ ಆಮೇಲೆ.

ಅಮ್ಮನ ಹೆದರಿಕೆಗೆ ಒಂದು ಸಣ್ಣ ಕೆಲಸ ಉಂಟು, ಹೊರಡುವ ಮೊದಲೇ ಮಾಡು. ಯುಎಇಯಲ್ಲಿ ವಾಟ್ಸಾಪ್ ಕರೆ ಹೋಗುವುದಿಲ್ಲ, ಮೆಸೇಜ್ ಮಾತ್ರ ಹೋಗುತ್ತದೆ. ಇದು ಗೊತ್ತಿಲ್ಲದ ತಾಯಂದಿರು ಮೊದಲ ರಾತ್ರಿ ಕರೆ ಸಿಗದೆ ಮಗನಿಗೆ ಏನೋ ಆಯಿತೆಂದು ಅಳುತ್ತಾ ಕೂರುತ್ತಾರೆ. ಪರವಾನಗಿ ಇರುವ ಬೋಟಿಮ್ ಆ್ಯಪನ್ನು ಅವರ ಫೋನಿಗೆ ಹಾಕಿ ಎರಡು ಸಲ ಒತ್ತಿಸಿ ಕಲಿಸು. ಅಲ್ಲಿನ ಗಂಟೆ ನಮ್ಮದಕ್ಕಿಂತ ಒಂದೂವರೆ ತಾಸು ಹಿಂದೆ. ಮನೆಯಲ್ಲಿ ಎಂಟೂವರೆಗೆ ತೇರ್ಸ್ ಆದರೆ ನಿನಗೆ ಏಳು ಗಂಟೆ, ಶಿಫ್ಟ್ ಮುಗಿದಿದ್ದರೆ ಜತೆಗೇ ಹೇಳಬಹುದು. ಗಲಾಟೆಯ ಸುದ್ದಿ ಬಂದ ದಿನ ನೀನೇ ಮೊದಲು ಒಂದು ಸಾಲು ಕಳಿಸು.

ಆಫರ್ ಲೆಟರಿನಲ್ಲಿ ಬೇಸಿಕ್ ಎಷ್ಟೆಂದು ನೋಡಿ ಬರೆ. ಏಜೆಂಟ್ ಕೇಳಿದ್ದು ಎಷ್ಟೆಂದೂ ಬರೆ. ಈ ಎರಡು ಅಂಕಿ ಕಾಣದೆ ಹೋಗು ಅಂತಲೂ ಬೇಡ ಅಂತಲೂ ಹೇಳುವುದು ಹೇಗೆ?